ಕಳಸದ ಮುಂದೆ ಕೂತ ಗಿಟಾರ್

ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುವುದೇ ನನ್ನ ಕೆಲಸ. ಈ ಕೆಲಸ ನನ್ನ ಕಣ್ಣನ್ನು ಕೆಡಿಸಿಬಿಟ್ಟಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೆಡಿಸಿಲ್ಲ, ತೆರೆಸಿದೆ. ಮದುವೆ ಮನೆಯ ಸಾರಿನಿಂದ ಹಿಡಿದು ನಮ್ಮ ಬೀದಿಯ ರೋಡ್ ಹಂಪಿನವರೆಗೆ ಯಾವುದೂ ಅಳತೆಗೆ ಬರುವುದಿಲ್ಲ ಎಂಬುದು ನನಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ, ಅಷ್ಟೇ. ಮನುಷ್ಯರ ವಿಷಯವಂತೂ ಬಿಟ್ಟೇ ಬಿಡಿ.

ಅಂಥ ನನ್ನ ಕೈಗೆ ಈ ವರ್ಷ ತಪ್ಪು ಹುಡುಕಲಾಗದ ಒಂದು ವಸ್ತು ಬಂತು. ಮೆರೂನ್ ಬಣ್ಣದ ಎಲೆಕ್ಟ್ರಿಕ್ ಗಿಟಾರ್. ಕಂಪನಿಯ ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗಿಟಾರಿನ ತಲೆ ನೋಡಿದರೆ ಸಾಕು, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಬೆಂಗಳೂರಿನ ಅಂಗಡಿಯಿಂದ ತುಮಕೂರಿಗೆ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಎದುರಿಗೆ ಕೂತಿದ್ದವನೊಬ್ಬ, ದಿನಾ ಪಾಸಿನಲ್ಲಿ ಓಡಾಡುವ ಗಿರಾಕಿ ಇರಬೇಕು, "ಮೇಲೆ ಬಿಸಾಕಿ ಸಾರ್, ಆರಾಮಾಗಿ ಕೂತ್ಕಳಿ" ಎಂದ. ಬಿಸಾಕಬೇಕಂತೆ. ತುಮಕೂರು ಬರುವವರೆಗೂ ನಾನು ಅವನ ಮುಖ ನೋಡಲಿಲ್ಲ.

ಉಪ್ಪಾರಹಳ್ಳಿಯ ಮನೆಗೆ ತಂದು, ಕೈ ತೊಳೆದು ಒರೆಸಿಕೊಂಡು, ಪೆಟ್ಟಿಗೆ ತೆರೆದೆ. ಕತ್ತಿನ ಮೇಲೆ ಸಾಲಾಗಿ ಕೂತಿರುವ ಲೋಹದ ಫ್ರೆಟ್‌ಗಳ ಎತ್ತರವನ್ನು ಕಾರ್ಖಾನೆಯಲ್ಲಿ ಬಳಸುವಂಥದೇ ವರ್ನಿಯರ್ ಇಟ್ಟು ಅಳೆದೆ. ಒಂದರಲ್ಲೂ ವ್ಯತ್ಯಾಸವಿಲ್ಲ. ಬೆರಳು ಕತ್ತಿನ ಮೇಲೆ ಜಾರಿದರೆ ಎಲ್ಲೂ ತಡೆಯಿಲ್ಲ. ತಂತಿಯನ್ನು ಒತ್ತುವುದೇ ಬೇಡ, ಮುಟ್ಟಿದರೆ ಸಾಕು, ಸ್ವರ ಎದ್ದು ನಿಲ್ಲುತ್ತದೆ, ನಿಂತದ್ದು ನಾನು ಕೈ ತೆಗೆಯುವವರೆಗೆ ಕೂರುವುದಿಲ್ಲ. ಅವತ್ತು ಊಟಕ್ಕೆ ಕರೆದದ್ದು ನನಗೆ ಕೇಳಿಸಲಿಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಕೇಳಿಸಿತ್ತು. ಉಪ್ಪಿಟ್ಟಿಗಾಗಿ ಅದನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

ನೋಡಲು ಬಂದವರೆಲ್ಲ ನನ್ನ ಹೊಟ್ಟೆ ಉರಿಸಿ ಹೋದರು. ಒಬ್ಬ ಬೆಲೆ ಕೇಳಿದ. ಇನ್ನೊಬ್ಬ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೊಟ್ಟೇಲಿ ತೂತೇ ಇಲ್ವಲ್ಲ, ಶಬ್ದ ಎಲ್ಲಿಂದ ಬರುತ್ತೆ?" ಎಂದ. ಮೂರನೆಯವನಿಗೆ ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂಬ ಚಿಂತೆ. ಮಹಡಿಯ ಮೇಲಿನ ಮನೆ ಮಾಲೀಕರು ಇಳಿದು ಬಂದು, "ಬಾತ್‌ರೂಮಿಗೆ ಟೈಲ್ಸ್ ಕಟ್ ಮಾಡಿಸ್ತಿದೀರಾ?" ಎಂದು ವಿಚಾರಿಸಿದರು. ಇವರಿಗೆಲ್ಲ ಕಿವಿ ಇರುವುದು ಕನ್ನಡಕ ಸಿಕ್ಕಿಸಿಕೊಳ್ಳಲು ಎಂದು ನನಗೆ ಆಗಲೇ ಖಾತ್ರಿಯಾಯಿತು.

ಆದರೆ ತಪ್ಪು ಪೂರ್ತಿ ಅವರದೂ ಅಲ್ಲ. ಮನೆಯಲ್ಲಿ ನನ್ನ ಹತ್ತಿರ ಇದ್ದದ್ದು ಮೊಣಕಾಲುದ್ದದ ಒಂದು ಸಣ್ಣ ಆಂಪ್, ಧ್ವನಿ ಏರಿಸುವ ಪೆಟ್ಟಿಗೆ. ಅದರಲ್ಲಿ ಈ ಗಿಟಾರ್ ನುಡಿಸುವುದೆಂದರೆ ದೊಡ್ಡ ಗಾಯಕನನ್ನು ಕರೆಸಿ ಪಿಸುಗುಟ್ಟು ಎಂದು ಹೇಳಿದ ಹಾಗೆ. ಇದು ವೇದಿಕೆಗೆ ಮಾಡಿದ ವಾದ್ಯ. ಎರಡು ಬದಿಗೂ ಆಳೆತ್ತರದ ಸ್ಪೀಕರ್ ಪೇರಿಸಿ, ಹಿಂದೆ ಡ್ರಮ್ಸ್ ಇದ್ದು, ಮುಂದೆ ಜನ ಇರಬೇಕು. ಒಮ್ಮೆ, ಒಂದೇ ಒಂದು ಸಲ, ಅಂಥ ಕಡೆ ಇದರ ನಿಜವಾದ ಧ್ವನಿ ಕೇಳಬೇಕೆಂಬುದು ನನ್ನ ಆಸೆ. ಆಸೆ ಎನ್ನುವುದು ಸಣ್ಣ ಮಾತು, ಅದಕ್ಕೋಸ್ಕರವೇ ಕೊಂಡದ್ದು.

ವೇದಿಕೆ ನನಗೆ ಹೊಸದಲ್ಲ. ಹತ್ತಾರು ವರ್ಷ ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸಿದವನು ನಾನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಆರತಕ್ಷತೆ, ಎಲ್ಲ ಕಡೆ. ಆಮೇಲೆ ಕೀಬೋರ್ಡ್ ನುಡಿಸುವವನೊಬ್ಬ ಬಂದ. ಅವನ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ವಯೊಲಿನ್, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಗಿಟಾರ್. ಗಿಟಾರ್ ಎಂದು ಅವನು ಅನ್ನುತ್ತಿದ್ದ, ನನಗದು ನೆಗಡಿಯಾದ ಸೊಳ್ಳೆಯ ಹಾಗೆ ಕೇಳಿಸುತ್ತಿತ್ತು. ಆರ್ಕೆಸ್ಟ್ರಾ ನಡೆಸುವವರಿಗೆ ಒಂದು ಕುರ್ಚಿ, ಒಂದು ಊಟ ಉಳಿಯಿತು. ನನಗೆ ಫೋನ್ ಬರುವುದು ನಿಂತುಹೋಗಿ ಎರಡು ವರ್ಷವೇ ಆಗಿತ್ತು. ಹೊಸ ಗಿಟಾರಿನ ಫೋಟೊಗಳನ್ನು ಅವರ ವಾಟ್ಸಾಪ್ ಗುಂಪಿಗೆ ಹಾಕುತ್ತಲೇ ಇದ್ದೆ. ಕೆಳಗೆ ಹೆಬ್ಬೆಟ್ಟುಗಳು ಬೀಳುತ್ತಿದ್ದವು, ಕರೆ ಬರುತ್ತಿರಲಿಲ್ಲ.

ಹಳೆಯ ಗಿಟಾರ್ ಏನಾಯಿತೆಂದರೆ, ಕೊಟ್ಟುಬಿಟ್ಟೆ. ಹೊಸದು ಬಂದ ವಾರವೇ. ಅದು ಪ್ಲೈವುಡ್ಡಿನದು, ಕತ್ತು ಸ್ವಲ್ಪ ಬಗ್ಗಿತ್ತು, ತಂತಿಗಳು ಬೆರಳು ಕುಯ್ಯುವಷ್ಟು ಎತ್ತರದಲ್ಲಿದ್ದವು. ಅದನ್ನು ಹೊಸದರ ಪಕ್ಕ ನಿಲ್ಲಿಸಲೂ ನನಗೆ ನಾಚಿಕೆ. ಕುಣಿಗಲ್ಲಿನಲ್ಲಿರುವ ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, "ಭಾವ, ನಮ್ಮ ಹಾಲ್‌ಗೆ ಶೋಗೆ ಹಾಕ್ತೀನಿ, ಕೊಡಿ" ಎಂದಳು. ತಗೊಂಡು ಹೋಗು ತಾಯಿ ಎಂದೆ.

ಈ ನಾದಿನಿಯ ಗಂಡ ನನ್ನ ಷಡ್ಡಕ. ಅವನ ವಿಷಯ ಸ್ವಲ್ಪ ಹೇಳಬೇಕು. ಅಮೃತೂರಿನ ಕಡೆ ತೆಂಗಿನ ತೋಟ, ಕುಣಿಗಲ್ಲಿನಲ್ಲಿ ಮನೆ, ಎಳನೀರು ಕೊಬ್ಬರಿ ವ್ಯಾಪಾರ. ಗುಬ್ಬಿಯ ನಮ್ಮ ಮಾವನ ಮನೆಯಲ್ಲಿ ಪ್ರತಿ ವರ್ಷ ಆಯುಧ ಪೂಜೆಗೆ ಎಲ್ಲರೂ ಸೇರುತ್ತೇವೆ. ಮಾವ ಈಗಿಲ್ಲ, ಅತ್ತೆ ಇದ್ದಾರೆ, ಕೊಬ್ಬರಿ ಮಂಡಿ ಇನ್ನೂ ನಡೆಯುತ್ತಿದೆ. ಷಡ್ಡಕ ಬರುವುದೇ ಹೊಸ ಕಾರಿನಲ್ಲಿ. ಹಳೆಯದು ಇನ್ನೂ ಚೆನ್ನಾಗಿರುತ್ತದೆ, ಆದರೂ ಬದಲಾಯಿಸಿರುತ್ತಾನೆ. ಕಾರು ನಿಲ್ಲಿಸಿ ಹಾರ್ನ್ ಹೊಡೆದು, ಬೀದಿಯ ಮಕ್ಕಳಿಗೆಲ್ಲ ಸಿಹಿ ಹಂಚಿ, ಬಂದವರ ಹೆಗಲ ಮೇಲೆ ಕೈ ಹಾಕಿ ಗಟ್ಟಿಯಾಗಿ ನಗುತ್ತಾನೆ. ಹಾಡಿಗೆ ಚಪ್ಪಾಳೆ ತಟ್ಟಲು ಹೊರಟರೆ ತಾಳ ಒಂದು ದಾರಿ, ಅವನ ಕೈ ಇನ್ನೊಂದು ದಾರಿ. ಅವನ ಮದುವೆಯ ದಿನ ವಾಲಗಕ್ಕೆ ತಲೆಯಾಡಿಸಿದ್ದನ್ನು ನೋಡಿಯೇ ನಾನು ಇವನನ್ನು ಲೆಕ್ಕದಿಂದ ತೆಗೆದುಬಿಟ್ಟಿದ್ದೆ. ಅವನಿಗೆ ಅದು ಇವತ್ತಿಗೂ ತಿಳಿದಿಲ್ಲ. ನನ್ನನ್ನು ಅಣ್ಣ ಎಂದು ಕರೆಯುತ್ತಾನೆ, ತಟ್ಟೆಗೆ ಎರಡು ಒಬ್ಬಟ್ಟು ಹೆಚ್ಚಿಗೆ ಹಾಕಿಸುತ್ತಾನೆ.

ಈ ಸಲ ನಾನು ಗಿಟಾರ್ ತೆಗೆದುಕೊಂಡೇ ಗುಬ್ಬಿಗೆ ಹೋದೆ. ಒಂದು ವರ್ಷವಾದರೂ ಆ ಮನೆಯವರು ಕಾರು ಬಿಟ್ಟು ಬೇರೆ ಏನನ್ನಾದರೂ ನೋಡಲಿ ಎಂದು. ಅಂಗಳದಲ್ಲಿ ಆಗಲೇ ಎಲ್ಲ ಜೋಡಿಸಿದ್ದರು. ಕೊಬ್ಬರಿ ತೂಗುವ ತಕ್ಕಡಿ, ಕಾಯಿ ಸುಲಿಯುವ ಸಲಾಕೆ, ಮಚ್ಚು, ನೀರಿನ ಮೋಟರು, ಎರಡು ಸ್ಕೂಟರು, ಬಾಳೆಕಂದು ಕಟ್ಟಿಸಿಕೊಂಡು ನಿಂತ ಷಡ್ಡಕನ ಬಿಳಿ ಕಾರು. ಅತ್ತೆ ವಿಭೂತಿ ತಟ್ಟೆ ಹಿಡಿದು ನನ್ನ ಪೆಟ್ಟಿಗೆಯ ಕಡೆ ನೋಡಿ, "ಅಳಿಯಂದ್ರೇ, ಅದನ್ನೂ ಇಲ್ಲೇ ಇಡಿ, ತಕ್ಕಡಿ ಪಕ್ದಲ್ಲಿ ಜಾಗ ಐತೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಸಲಾಕೆ ಮಚ್ಚುಗಳ ಸಾಲಿನಲ್ಲಿ ಇದು? ಆ ಕಾರಿನ ಟೈರಿನ ಬುಡದಲ್ಲಿ? "ಅತ್ತೆ, ಇದು ಆಯುಧ ಅಲ್ಲ, ವಾದ್ಯ. ಸರಸ್ವತಿ. ಒಳಗೆ ದೇವರ ಮನೇಲಿ ಇಡಬೇಕು" ಎಂದೆ. ನಾನು ಸರಸ್ವತಿಯ ಹೆಸರೆತ್ತಿದ್ದು ಅದೇ ಮೊದಲು, ಹೆಂಡತಿ ಬಾಗಿಲಲ್ಲಿ ನಿಂತು ಹುಬ್ಬೇರಿಸಿದಳು. ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು. ಅವರು ಮಠಕ್ಕೆ ನಡೆದುಕೊಳ್ಳುವ ಮನೆಯವರು, ಪೂಜೆ ವಿಷಯದಲ್ಲಿ ತಮಾಷೆ ಅವರಿಗೆ ತಿಳಿಯುವುದಿಲ್ಲ. ನವರಾತ್ರಿಗೆಂದು ಕಳಸ ಇಟ್ಟಿದ್ದರು.

"ಕಳಸದ ಮುಂದೆ ಇಟ್ರೆ ನಾಳೆ ಬೆಳಿಗ್ಗೆ ಕದಲಿಸೋಗಂಟ ಮುಟ್ಟಂಗಿಲ್ಲ. ಪರವಾಗಿಲ್ವಾ?" ಎಂದು ಕೇಳಿದರು.

"ಪರವಾಗಿಲ್ಲ ಇಡಿ" ಎಂದೆ. ಷಡ್ಡಕ ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಎಂಬುದರ ಮೇಲಿತ್ತು ನನ್ನ ಗಮನ.

ಮಣೆ ಹಾಕಿ, ಹೊಸ ರವಿಕೆ ಬಟ್ಟೆ ಹಾಸಿ, ಗಿಟಾರನ್ನು ಕಳಸದ ಮುಂದೆ ಒರಗಿಸಿದರು. ವಿಭೂತಿಯನ್ನು ನೀರಿನಲ್ಲಿ ಕಲಸಬೇಡಿ, ಪಾಲಿಶ್ ಹೋಗುತ್ತದೆ ಎಂದು ನಾನು ಕೈಮುಗಿದು ಕೇಳಿಕೊಂಡ ಮೇಲೆ ತಲೆಯ ಭಾಗದಲ್ಲಿ ಒಣ ವಿಭೂತಿ ಮೂರೆಳೆ ಎಳೆದರು. ಸೇವಂತಿಗೆ ಹಾರ ಹಾಕಿದರು. ಬಂದ ಮುತ್ತೈದೆಯರೆಲ್ಲ ಒಳಗೆ ಬಂದು ನೋಡಿ ಕೈಮುಗಿದರು. ಕಾರಿನ ಮುಂದೆ ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬೀದಿ ತುದಿಯವರೆಗೆ ಓಡಿಸಿ ತಂದರು. ಅದಕ್ಕೆ ಯಾರೂ ಕೈಮುಗಿಯಲಿಲ್ಲ. ಕಡಲೆಪುರಿ ಮುಕ್ಕುತ್ತಾ ನಾನು ಅದನ್ನು ಚೆನ್ನಾಗಿಯೇ ಗಮನಿಸಿದೆ. ಆ ದಿನದಷ್ಟು ನೆಮ್ಮದಿಯಾಗಿ ನಾನು ಆ ಮನೆಯಲ್ಲಿ ಎಂದೂ ಊಟ ಮಾಡಿರಲಿಲ್ಲ.

ಊಟದ ಎಲೆ ಎತ್ತುವಷ್ಟರಲ್ಲಿ ಫೋನ್ ಬಂತು. ಆರ್ಕೆಸ್ಟ್ರಾ ನಡೆಸುವವರು. "ಸಾರ್, ಕುಣಿಗಲ್ಲಲ್ಲಿ ಆಟೋ ಸ್ಟ್ಯಾಂಡಿನವರು ಇವತ್ತು ಪ್ರೋಗ್ರಾಂ ಇಟ್ಕೊಂಡವ್ರೆ. ಸಾಯಂಕಾಲ ಐದಕ್ಕೆ ಶುರು. ಸ್ಟೇಜ್ ಮೇಲೆ ಗಿಟಾರ್ ಕಾಣ್ಲೇಬೇಕು ಅಂತ ಹಟ. ಒಬ್ಬ ಹುಡುಗನ್ನ ಒಪ್ಪಿಸಿದ್ದೆ, ಕಾಮಾಲೆ ಅಂತ ಮಲಗವ್ನೆ. ನಿಮ್ ಹೊಸದು ತಗೊಂಡು ಬಂದ್ಬುಡಿ."

ಬರುತ್ತೇನೆ ಎಂದೆ. ಎರಡು ವರ್ಷ ಕಾದ ಮಾತು, ಇನ್ನೇನು ಹೇಳಲಿ. ಕೈ ತೊಳೆದು ನೇರವಾಗಿ ದೇವರ ಮನೆಗೆ ನಡೆದೆ. ಅತ್ತೆ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು, ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲ ಕೊಡುತ್ತ ಕೂತಿದ್ದರು. ವಿಷಯ ಹೇಳಿದೆ.

"ಮುಟ್ಟಂಗಿಲ್ಲ" ಎಂದರು.

"ಅತ್ತೆ, ನುಡಿಸೋದೇ ಅದಕ್ಕೆ ಪೂಜೆ."

"ಇರಬಹುದು. ನಾಳೆ ಕದಲಿಸಿದ ಮ್ಯಾಲೆ ನುಡಿಸ್ರಿ, ಯಾರು ಬ್ಯಾಡ ಅಂತಾರೆ?"

"ಆ ಕಾರು? ಪೂಜೆ ಆದ ತಕ್ಷಣ ಓಡಿಸಿದ್ರಲ್ಲ?"

"ಅದು ಆಚೆ ಇತ್ತು. ಇದು ಕಳಸದ ಮುಂದೆ ಕೂತದೆ. ಕೂತಿದ್ದನ್ನ ಎಬ್ಬಿಸ್ಬಾರದು." ಅಲ್ಲಿ ಕೂತಿದ್ದ ಹೆಂಗಸರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಗುಬ್ಬಿಯ ಅಷ್ಟೂ ಮುತ್ತೈದೆಯರು ಆ ಹೊತ್ತಿಗೇ ಅಲ್ಲಿ ಯಾಕೆ ಸೇರಿದ್ದರೋ.

ಹೆಂಡತಿಯನ್ನು ಪಕ್ಕಕ್ಕೆ ಕರೆದೆ. "ನೀವೇ ತಾನೇ ಒಳಗಿಡಿ ಅಂದಿದ್ದು. ತಕ್ಕಡಿ ಪಕ್ಕ ಇಟ್ಟಿದ್ರೆ ಈಗ ಎತ್ಕೊಂಡು ಹೋಗಬಹುದಿತ್ತು" ಎಂದಳು. ನಿಜ ಹೇಳುವುದಕ್ಕೂ ಒಂದು ಸಮಯ ಇರುತ್ತದೆ ಎಂಬುದು ಈ ಮನೆತನಕ್ಕೇ ಗೊತ್ತಿಲ್ಲ.

ಅಂಗಳಕ್ಕೆ ಬಂದು ನಿಂತೆ. ಅಳು ಬರುವ ಹಾಗಿತ್ತು, ಸಿಟ್ಟಿನಿಂದ. ಇವರ ಕಳಸ, ಇವರ ಕಡಲೆಪುರಿ, ಇವರ ನಾಳೆ ಬೆಳಿಗ್ಗೆ. ಜಗತ್ತಿನಲ್ಲಿ ಅಷ್ಟು ಒಳ್ಳೆಯ ಗಿಟಾರ್ ಮಾಡಿದವರು ಅದನ್ನು ಹೀಗೆ ರವಿಕೆ ಬಟ್ಟೆಯ ಮೇಲೆ ಕೂರಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಾರರು. ಷಡ್ಡಕ ಬಂದು ಹೆಗಲ ಮೇಲೆ ಕೈ ಹಾಕಿದ. ಬಾಯಿಯಲ್ಲಿ ಎಲೆಯಡಿಕೆ.

"ಅಣ್ಣಾ, ಯಾಕಿಷ್ಟು ತಲೆ ಕೆಡಿಸ್ಕೊಂತೀರಿ. ಹಳೇದು ನಮ್ಮನೇಲಿ ಐತಲ್ಲ, ಕುಣಿಗಲ್ಲಲ್ಲೇ. ನಡೀರಿ, ನನ್ ಗಾಡೀಲೇ ಹೋಗನ."

ಬೇರೆ ದಾರಿ ಇರಲಿಲ್ಲ. ಜೀವಮಾನದಲ್ಲಿ ಹತ್ತಬಾರದು ಎಂದುಕೊಂಡಿದ್ದ ಕಾರಿಗೆ ಹತ್ತಿದೆ. ತುಮಕೂರು ದಾಟಿ ಹೆಬ್ಬೂರಿನ ಮೇಲೆ ಹೋಗುವಾಗ ದಾರಿಯುದ್ದಕ್ಕೂ ಅವನು ಕಾರಿನ ಸ್ಪೀಕರುಗಳ ಗುಣಗಾನ ಮಾಡಿದ. ಬಾಸ್ ಪೂರ್ತಿ ಏರಿಸಿಟ್ಟಿದ್ದ. ಹಲ್ಲು ಅಲುಗಾಡುತ್ತಿತ್ತು.

ಅವನ ಮನೆಯ ಹಾಲ್‌ಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಪ್ಲಾಸ್ಟಿಕ್ ಹೂಗಳು, ಗಾಜಿನ ಡಬ್ಬಿಯೊಳಗೆ ಒಂದು ತಾಜ್‌ಮಹಲು, ಅದರ ಮೇಲೆ ಗೋಡೆಯಲ್ಲಿ ನನ್ನ ಗಿಟಾರ್, ಕೆಂಪು ರಿಬ್ಬನ್ನಿನಲ್ಲಿ ನೇತು ಹಾಕಿದ್ದು. ಮೊದಲು ಕಪ್ಪಗಿತ್ತು. ಈಗ ಮೆರೂನ್. ಸೋಫಾಗೆ ಮ್ಯಾಚ್ ಆಗಲೆಂದು ನಾದಿನಿ ಗೇಟಿಗೆ ಬಣ್ಣ ಹೊಡೆಯುವವನಿಂದ ಎನಾಮಲ್ ಪೇಂಟ್ ಹೊಡೆಸಿದ್ದಳು. ಪುಣ್ಯಕ್ಕೆ ತಂತಿ ಬಿಚ್ಚಿ ಹೊಡೆಸಿದ್ದಳು, ಪುಣ್ಯಕ್ಕೆ ಸ್ವರ ಹಿಡಿಯುವ ಪಿಕಪ್‌ಗಳ ಮೇಲೆ ಟೇಪ್ ಅಂಟಿಸಿದ್ದರು. "ಹೊಸದರ ಥರ ಆಗಿಲ್ವಾ ಅಣ್ಣಾ?" ಎಂದ ಷಡ್ಡಕ. ನಾನು ರಿಬ್ಬನ್ ಬಿಚ್ಚತೊಡಗಿದೆ.

ಹೊಸ ಗಿಟಾರಿಗೆಂದು ತರಿಸಿದ್ದ ಒಳ್ಳೆಯ ತಂತಿಗಳು ನನ್ನ ಚೀಲದಲ್ಲಿದ್ದವು. ಕಾರಿನಲ್ಲಿ ಕೂತು ಅವನ್ನು ಆ ಪ್ಲೈವುಡ್ಡಿಗೆ ಏರಿಸುವಾಗ ನನಗಾದ ಹೊಟ್ಟೆಯುರಿ ಇನ್ನೊಬ್ಬರಿಗೆ ಅರ್ಥವಾಗದು. ಪೇಂಟಿನ ವಾಸನೆ ಇನ್ನೂ ಇತ್ತು. ಕತ್ತು ಮೊದಲಿಗಿಂತ ಹೆಚ್ಚು ಬಗ್ಗಿತ್ತು.

ಆಟೋ ಸ್ಟ್ಯಾಂಡಿನಲ್ಲಿ ಆಟೋಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿ ಸಾಲಾಗಿ ನಿಲ್ಲಿಸಿದ್ದರು. ವೇದಿಕೆ ದೊಡ್ಡದೇ. ಎರಡು ಬದಿಗೂ ಸ್ಪೀಕರುಗಳ ಗೋಪುರ, ನಾನು ಬಯಸಿದ್ದಂಥದೇ. ಕೀಬೋರ್ಡಿನವನು ನನ್ನ ಕಡೆ ನೋಡಿ ನಕ್ಕ, ಸೊಳ್ಳೆಯ ಗುಂಡಿ ಒತ್ತಿ ಎರಡು ಸ್ವರ ಬಾರಿಸಿ ತೋರಿಸಿದ. ನಾನು ವಯರ್ ಚುಚ್ಚಿ ಶ್ರುತಿ ಮಾಡಿಕೊಂಡೆ.

ಮೊದಲ ಹಾಡು ಸುಮಾರಾಗಿ ಹೋಯಿತು. ಎರಡನೆಯದರಲ್ಲಿ ಒಂದು ತಂತಿ ಗೊರ್ ಎನ್ನುತ್ತಿತ್ತು, ಆ ಸ್ವರಗಳನ್ನು ಪಕ್ಕದ ತಂತಿಯಲ್ಲಿ ಹಿಡಿದು ನುಡಿಸಿದೆ. ಹಳೆಯ ಗಿಟಾರಿನ ಈ ಚಾಳಿಗಳು ಬೆರಳಿಗೆ ಇನ್ನೂ ನೆನಪಿದ್ದವು. ನಾಲ್ಕನೆಯದು ಹಳೆಯ ಕಾಲದ ಒಂದು ಹಾಡು, ಅದರ ನಡುವೆ ಉದ್ದನೆಯ ಗಿಟಾರ್ ಲೀಡ್ ಇದೆ. ಕೀಬೋರ್ಡಿನವನು ನುಡಿಸುವುದು ನಿಲ್ಲಿಸಿ ಕೈ ಎತ್ತಿದ. ನಾನು ಮುಂದೆ ಬಂದೆ. ಆಮೇಲೆ ಏನಾಯಿತೆಂದು ವಿವರವಾಗಿ ಹೇಳಲು ನನಗೆ ಬರುವುದಿಲ್ಲ. ಸ್ವರ ಹೋಗಿ ಎದುರಿನ ಬಸ್ ಸ್ಟ್ಯಾಂಡಿನ ಗೋಡೆಗೆ ತಾಗಿ ವಾಪಸ್ಸು ಬರುತ್ತಿತ್ತು, ನಾನು ಅದಕ್ಕೆ ಇನ್ನೊಂದು ಸೇರಿಸಿ ಕಳಿಸುತ್ತಿದ್ದೆ. ಖಾಕಿ ಅಂಗಿಯವರು ಆಟೋಗಳ ಮುಂದೆ ಕುಣಿಯತೊಡಗಿದರು. ತರಕಾರಿ ಚೀಲ ಹಿಡಿದ ಹೆಂಗಸರು ನಿಂತು ನೋಡಿದರು. ಒನ್ಸ್ ಮೋರ್ ಎಂದು ಕೂಗಿದರು, ಇನ್ನೊಮ್ಮೆ ನುಡಿಸಿದೆ, ಮತ್ತೆ ಕೂಗಿದರು. ಜನರ ನಡುವೆ ಷಡ್ಡಕ ಎರಡೂ ಕೈ ಮೇಲೆತ್ತಿ ತಪ್ಪು ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದ.

ಮುಗಿದ ಮೇಲೆ ಆರ್ಕೆಸ್ಟ್ರಾ ನಡೆಸುವವರು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಮೆರೂನ್ ಬಣ್ಣದ ಮೇಲಿತ್ತು. "ಸಾರ್, ಗಿಟಾರ್ ಅಂದ್ರೆ ಇದು. ಆ ಹಳೇ ಡಬ್ಬಾ ಬಿಟ್ರಲ್ಲ, ಈಗ ನೋಡಿ. ಸೌಂಡೇ ಬೇರೆ. ಇನ್ಮೇಲೆ ಪ್ರತಿ ಪ್ರೋಗ್ರಾಮಿಗೂ ನೀವು ಬರ್ಲೇಬೇಕು."

ಕೀಬೋರ್ಡಿನವನು ಕೂಡ ಬಂದು ಗಿಟಾರಿನ ಮೈ ಸವರಿ, "ಒಳ್ಳೇ ಮರ ಸಾರ್. ಮುಟ್ಟಿದ್ರೇ ಗೊತ್ತಾಗುತ್ತೆ" ಎಂದ.

ಪ್ಲೈವುಡ್ಡು. ಗೇಟಿನ ಪೇಂಟು. ಇಂಥವರ ಹೊಗಳಿಕೆಗೆ ನಾನು ಎರಡು ವರ್ಷ ಕಾದಿದ್ದೆನಲ್ಲ ಎಂದು ನನಗೆ ಅಸಹ್ಯವಾಯಿತು. ನಿಮ್ಮ ಕಿವಿಗೆ ಇಷ್ಟು ಬೆಂಕಿ ಹಾಕ ಎಂದು ಬೈದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಲು ಬಾಯಿ ತೆರೆದೆ. ಹೇಳಿದರೆ ಮುಂದಿನ ಕರೆ ಬರುವುದಿಲ್ಲ ಎಂಬುದೂ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ಷಡ್ಡಕ, ಎಲ್ಲವೂ ಗೊತ್ತಿದ್ದವನು, ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಮತ್ತೆ? ಇಂಪೋರ್ಟೆಡ್ಡು. ನಮ್ಮಣ್ಣ ಸುಮ್ಮಸುಮ್ಮನೆ ತಗಂತಾರಾ?" ಎಂದ.

ಅವನ ಮುಖದಲ್ಲಿ ನಗುವಿರಲಿಲ್ಲ. ನನ್ನ ಕೈಯಿಂದ ಗಿಟಾರ್ ತೆಗೆದುಕೊಂಡು, ಹೆಂಗಸರು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ.

ವಾಪಸ್ಸು ಹೊರಟಾಗ ಅವನು ಸ್ಪೀಕರ್ ಹಾಕಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಕೇಳಿದ, "ಅಣ್ಣಾ, ನಂಗೆ ಇದೆಲ್ಲ ತಿಳಿಯಲ್ಲ, ಅದ್ಕೆ ಕೇಳ್ತೀನಿ. ಆ ಹೊಸದು ಇವತ್ತು ಇದ್ದಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತಾ?"

ಇಷ್ಟು ತಿಂಗಳಲ್ಲಿ ಒಬ್ಬನಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದಿದ್ದೆ. ಮರ, ಕತ್ತು, ಪಿಕಪ್ಪು, ಎಲ್ಲಕ್ಕೂ ಉತ್ತರ ಸಿದ್ಧವಾಗಿತ್ತು. ಕೇಳಿದವನು ಇವನು. ಹೇಳಲು ಹೊರಟವನು ವೇದಿಕೆಯ ಮೇಲಿನ ಆ ಹೊತ್ತನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಅಷ್ಟು ಹೊತ್ತಿನಲ್ಲಿ ಹೊಸ ಗಿಟಾರ್ ನನಗೆ ಒಂದು ಸಲವೂ ನೆನಪಾಗಿರಲಿಲ್ಲ. ಅದು ಕೈಯಲ್ಲಿಲ್ಲ ಎಂಬುದೇ ತಿಳಿದಿರಲಿಲ್ಲ. ಕುಣಿಗಲ್ಲಿನ ಆಟೋದವರಿಗೆ ಗೊತ್ತಾಗದ್ದು ಸರಿ, ಫ್ರೆಟ್ಟುಗಳನ್ನು ಒಂದೊಂದಾಗಿ ಅಳೆದವನಿಗೂ ಗೊತ್ತಾಗಿರಲಿಲ್ಲ.

"ಬರ್ತಿತ್ತು. ಅದು ಬೇರೆನೇ" ಎಂದೆ.

"ಅಯ್ಯೋ" ಎಂದ ಷಡ್ಡಕ, ನಿಜವಾಗಿ ನೊಂದುಕೊಂಡು. "ಎಂಥ ಕೆಲ್ಸ ಆಗೋಯ್ತು. ನಾನಾದ್ರೂ ಅತ್ತೆ ಕಾಲು ಹಿಡ್ಕೊಂಡು ಒಪ್ಪಿಸ್ಬೇಕಿತ್ತು, ಬುಡಿ."

ಅವನು ನಂಬಿಬಿಟ್ಟಿದ್ದ. ಗುಬ್ಬಿ ಬರುವವರೆಗೂ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ಮರುಗಿದ, ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.